ಭೇಷ್ ಎಂದವರು ಯಾರು?

12,000 ರೂಪಾಯಿ ತೆತ್ತು ಹೆಡ್‌ಫೋನ್ ಆಂಪ್ಲಿಫೈಯರ್ ತಂದ ದಿನದಿಂದ ನನ್ನ ಬಳಿಯಿದ್ದ ಸಂಗೀತದಲ್ಲಿ ಅರ್ಧ ಕೆಟ್ಟುಹೋಗಿದೆ. ಈ ಪೆಟ್ಟಿಗೆಗೆ ದಾಕ್ಷಿಣ್ಯವೆಂಬುದೇ ಇಲ್ಲ. ಹಳೆಯ ಇಯರ್‌ಫೋನು ಮುಚ್ಚಿಟ್ಟಿದ್ದ ಹುಳುಕನ್ನೆಲ್ಲ, ಮದುವೆಮನೆಯಲ್ಲಿ ಹುಡುಗನ ಸಂಬಳ ವಿಚಾರಿಸುವ ಸೋದರತ್ತೆಯಂತೆ, ಇದು ಎಲ್ಲರೆದುರು ಎಳೆದು ಹಾಕುತ್ತದೆ. ಪೆನ್‌ಡ್ರೈವಿನಲ್ಲಿ ತುಂಬಿಸಿಟ್ಟಿದ್ದ 128 ಕೆಬಿಪಿಎಸ್‌ಗೆ ಹಿಂಡಿದ ಎಂಪಿ3 ಹಾಡುಗಳಲ್ಲಿ ಸುಮಾರು 16 ಕಿಲೋಹರ್ಟ್ಸ್‌ನ ಆಚೆಗಿನ ತೀರ ಕೀಚಲು ನಾದವನ್ನೆಲ್ಲ ಕತ್ತರಿಸಿ ಎಸೆದಿರುತ್ತಾರೆಂಬುದು ನನಗೆ ಗೊತ್ತಿತ್ತು. ಉಳಿದ ತಾಳದ ಸದ್ದು ಬಾಣಲೆಯಲ್ಲಿ ಹಪ್ಪಳ ಕರಿದಂತೆ ಕೇಳುತ್ತದೆಂಬುದು ಮಾತ್ರ ಗೊತ್ತಿರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 1987ರ ಕ್ಯಾಸೆಟ್ಟಿಗೆ. ನಮ್ಮ ಬಡಾವಣೆಯ ರಾಮೋತ್ಸವದ ಚಪ್ಪರದಲ್ಲಿ ಅಪ್ಪ ಮುದ್ರಿಸಿಕೊಂಡು ಬಂದ ಕಚೇರಿ ಅದು. ಗಾಯಕರದು ಒಂದನೆಯ ಮನೆಯ ಶ್ರುತಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಬಿಳಿ ಮನೆಯೇ ಅವರ 'ಸ'. ಚಪ್ಪರದ ಧ್ವನಿವರ್ಧಕದೊಳಗೆ ಕರೆಂಟು 50 ಹರ್ಟ್ಸ್‌ನಲ್ಲಿಯೂ ಅದರ ಇಮ್ಮಡಿಯಾದ 100ರಲ್ಲಿಯೂ ಗುಂಯ್‌ಗುಡುತ್ತಿದೆ. ಲೆಕ್ಕ ಹಾಕಿದರೆ ಅದು ಆ ಶ್ರುತಿಯ ಪಂಚಮಕ್ಕಿಂತ, ಅಂದರೆ ತಂಬೂರಿಯಲ್ಲಿ ಮೀಟುವ 'ಪ'ಗಿಂತ, ಕೂದಲೆಳೆಯಷ್ಟು ಮೇಲೆ! ಎರಡು ಗಂಟೆ ಕಾಲ ವಿದ್ಯುತ್ ಇಲಾಖೆಯೇ ತಂಬೂರಿ ಮೀಟಿದಂತಿದೆ, ಅದೂ ಅಪಶ್ರುತಿಯಲ್ಲಿ.

ಇದನ್ನೂ ಸಹಿಸಬಹುದಿತ್ತು, ಮೈಕಿನ ಪಕ್ಕದಲ್ಲೇ ಕುಳಿತ ಆ ಮಹಾಶಯರೊಬ್ಬರು ಇಲ್ಲದಿದ್ದರೆ. ಅವರ ಬೆರಳಿನ ಉಂಗುರ ಕಬ್ಬಿಣದ ಕುರ್ಚಿಯ ಕೈಗೆ ಟಣ್ ಟಣ್ ಎಂದು ಬಡಿಯುತ್ತಿರುತ್ತದೆ. ಆದಿತಾಳವಾದರೆ ಹೇಗೋ ನಡೆದೀತು. ಐದೆಣಿಕೆಯ ಖಂಡಚಾಪು ಶುರುವಾದರೆ ಮೂರನೆಯ ಆವರ್ತಕ್ಕೇ ದಾರಿ ತಪ್ಪಿ, ಒಂದು ಕ್ಷಣ ನಿಂತು, ಮೃದಂಗದವರ ತಪ್ಪೇನೋ ಎಂಬ ಧೈರ್ಯದಲ್ಲಿ ಮತ್ತೆ ಹೊರಡುತ್ತದೆ. ನಡುನಡುವೆ ಗಟ್ಟಿಯಾಗಿ 'ಭೇಷ್' ಬೇರೆ. ತೆಳುವಾದ ಟೇಪು ವರ್ಷಾನುಗಟ್ಟಲೆ ಸುರುಳಿಯಾಗಿ ಬಿದ್ದಿದ್ದರೆ ಒಂದು ಸುತ್ತಿನ ಕಾಂತದ ಗುರುತು ಪಕ್ಕದ ಸುತ್ತಿಗೂ ಅಂಟುತ್ತದಂತೆ. ಹೀಗಾಗಿ ಅಸಲಿ ಭೇಷ್‌ಗಿಂತ ಎರಡು ಸೆಕೆಂಡು ಮೊದಲೇ ಅದರ ಪಿಶಾಚಿಯೊಂದು ಕ್ಷೀಣವಾಗಿ 'ಭೇಷ್' ಎನ್ನುತ್ತದೆ. ಭೇಷ್ ಎನ್ನಿಸಿಕೊಳ್ಳಬೇಕಾದ ಸಂಗತಿಯನ್ನು, ಸಾಲಿನ ಆ ಹೊಸ ತಿರುವನ್ನು, ಗಾಯಕರು ಇನ್ನೂ ಹಾಡಿಯೇ ಇರುವುದಿಲ್ಲ.

ನಾನು ಈ ಅನಾಮಿಕರಿಗೆ ವಾರಗಟ್ಟಲೆ ಶಾಪ ಹಾಕಿದೆ. ಕೊನೆಗೆ ಹೆಂಡತಿ ಅವರೆಕಾಯಿ ಸುಲಿಯುತ್ತಲೇ ಕೇಳಿದಳು: "ಮೈಕಿಗೆ ಅಷ್ಟು ಹತ್ತಿರ ಕೂತಿದ್ದವರು ಯಾರಿರಬಹುದು ಅಂದ್ರೀ? ಟೇಪ್‌ರೆಕಾರ್ಡರ್ ಯಾರ ತೊಡೆ ಮೇಲಿತ್ತು?"

ಮುಂದೆ ಮಾತಾಡಲು ನನಗೆ ತೋಚಲಿಲ್ಲ. ಹಸಿರು ಕಲ್ಲಿನ ಆ ಉಂಗುರ ಈಗ ಬೀರುವಿನ ಲಾಕರಿನಲ್ಲಿದೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ತಾಳಜ್ಞಾನದ ವಿಷಯದಲ್ಲಿ ಅವರು ನನ್ನನ್ನು ಬೈಯದ ದಿನವಿರಲಿಲ್ಲ.

ನಿನ್ನೆ ರಾತ್ರಿ ಅದನ್ನೇ ಮತ್ತೆ ಹಾಕಿಕೊಂಡು ಕುಳಿತೆ. ಪಲ್ಲವಿ ಎಲ್ಲಿಗೆ ಬಂತೆಂದು ಗಮನಿಸಲಿಲ್ಲ. ಖಂಡಚಾಪಿನ ಮೂರನೆಯ ಆವರ್ತ ಬಂದಾಗ ಮಾತ್ರ ಆಂಪ್ಲಿಫೈಯರಿನ ಗುಂಡಿಯನ್ನು ಇನ್ನೊಂದಿಷ್ಟು ಮೇಲಕ್ಕೆ ತಿರುಗಿಸಿದೆ.