ಕಾವಲಿ ಮುಂದೆ ಸಂತ ಲಾರೆನ್ಸ್

ಅಡುಗೆಯವರಿಗೂ ಒಬ್ಬ ಸಂತರಿದ್ದಾರೆ. ಕಾರ್ಕಳದ ಅತ್ತೂರಿನಲ್ಲಿ ಪ್ರತಿ ಜನವರಿ ಜಾತಿ, ಧರ್ಮ ನೋಡದೆ ಜನ ಮೊಂಬತ್ತಿ ಹಿಡಿದು ಸೇರುತ್ತಾರಲ್ಲ, ಅದೇ ಸಂತ ಲಾರೆನ್ಸ್. ರೋಮಿನಲ್ಲಿ ಕ್ರಿ.ಶ. 258ರಲ್ಲಿ ಅವರನ್ನು ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಕೆಳಗೆ ಕೆಂಡ ಹಾಕಿದರಂತೆ. ಆಗ ಅವರು, "ಈ ಕಡೆ ಬೆಂದಿದೆ, ಮಗುಚಿ ಹಾಕಿ" ಅಂದರಂತೆ. ಪಂಡಿತರು ಇದನ್ನು ಅಷ್ಟಾಗಿ ನಂಬುವುದಿಲ್ಲ. ವಲೇರಿಯನ್ ಚಕ್ರವರ್ತಿಯ ಆಜ್ಞೆ ಇದ್ದದ್ದು ಕ್ರೈಸ್ತ ಗುರುಗಳನ್ನು ನೇರವಾಗಿ ಕೊಲ್ಲಲು, ಬಹುಶಃ ತಲೆ ಕಡಿದಿರಬೇಕು ಅನ್ನುತ್ತಾರೆ. ಇರಲಿ. ಅಡುಗೆಯವರು ಆ ಮಾತನ್ನು ಬಿಟ್ಟುಕೊಡುವವರಲ್ಲ.

ಪಕ್ಕದ ಮನೆಯ ಬಾಯಮ್ಮನಂತೂ ಖಂಡಿತ ಬಿಡುವುದಿಲ್ಲ. ಮಸಾಲೆ ಹಚ್ಚಿದ ಬಂಗುಡೆ ಕಾವಲಿಗೆ ಬಿದ್ದ ಕೂಡಲೇ ಎಣ್ಣೆ ಚಟಪಟ ಸಿಡಿದು ಮೊಣಕೈವರೆಗೆ ಹಾರುತ್ತದೆ. ನಾನಾಗಿದ್ದರೆ ಮೀನಿಗೂ ಬೈಯುತ್ತೇನೆ, ತಂದವರಿಗೂ ಬೈಯುತ್ತೇನೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು, "ಸಂತ ಲಾರೆನ್ಸಾ, ನನ್ನದು ಒಂದೇ ಕಡೆ ಬೆಂದದ್ದು ಮಾರಾಯಾ" ಎಂದು ಬಂಗುಡೆ ಮಗುಚುತ್ತಾರೆ. ಉರಿ ಅವರ ಕೈಯಲ್ಲೇ ಉಳಿಯುತ್ತದೆ, ಮನೆಯವರ ಮೇಲೆ ಹಾರುವುದಿಲ್ಲ.

ಸಂತರನ್ನು ಅನುಸರಿಸುವುದು ಇಷ್ಟೇ ಆಗಿದ್ದರೆ ಸುಲಭ, ಅಲ್ವಾ? ತೊಡಕಿರುವುದು ಅದಕ್ಕೂ ಮೊದಲಿನ ಕತೆಯಲ್ಲಿ. ಲಾರೆನ್ಸ್ ರೋಮಿನ ಕ್ರೈಸ್ತ ಸಭೆಯ ಹಣಕಾಸು ನೋಡಿಕೊಳ್ಳುತ್ತಿದ್ದ ಡೀಕನ್, ಅಂದರೆ ಬಿಷಪರ ಸಹಾಯಕ. ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಕೇಳಿದಾಗ ಮೂರು ದಿನದ ಗಡುವು ಪಡೆದರಂತೆ. ಇದ್ದುದನ್ನೆಲ್ಲ ಹಂಚಿಬಿಟ್ಟರು. ಆಮೇಲೆ ಬಡವರು, ಕುರುಡರು, ಕುಂಟರನ್ನು ಸಾಲಾಗಿ ಕರೆತಂದು, "ಇವರೇ ನಮ್ಮ ಸಂಪತ್ತು" ಎಂದರು. ನನಗೆ ಕೆಂಡದ ಮಾತಿಗಿಂತ ಇದೇ ಜಾಸ್ತಿ ಇಷ್ಟ. ಅವರದು ಮೊದಲು ಪೆಟ್ಟಿಗೆ ಖಾಲಿ, ಆಮೇಲೆ ತಮಾಷೆ. ನಮ್ಮದು ಉಲ್ಟಾ. ಯಾರಾದರೂ ರಶೀದಿ ಪುಸ್ತಕ ಹಿಡಿದು ಗೇಟಿನ ಹತ್ತಿರ ಬಂದರೆ, "ನಮಗೇ ಯಾರಾದರೂ ಕೊಟ್ಟರೆ ಸಾಕಾಗಿದೆ ಮಾರಾಯರೇ" ಎಂದು ನಗಿಸಿ ಕಳಿಸುತ್ತೇವೆ. ನಕ್ಕವರಿಗೆ ಮತ್ತೆ ಕೈ ಚಾಚಲು ಮುಜುಗರ. ಹಾಸ್ಯಕ್ಕೆ ಹಾಸ್ಯವೂ ಆಯಿತು, ಐವತ್ತು ರೂಪಾಯಿಯೂ ಉಳಿಯಿತು!

ಬಾಯಮ್ಮ ಡಿಸೆಂಬರಿನಿಂದಲೇ ಹಾರ್ಲಿಕ್ಸ್ ಬಾಟಲಿಯಲ್ಲಿ ಚಿಲ್ಲರೆ ಕೂಡಿಡುತ್ತಾರೆ. ಅತ್ತೂರಿನ ದಾರಿಯಲ್ಲಿ ಕೈಚಾಚುವವರಿಗೆ ಕೊಡಲು. ಹಾಲಿನವನಿಗೆ ಕೊಡಲು ಅದರಲ್ಲಿ ಹತ್ತು ರೂಪಾಯಿ ಚಿಲ್ಲರೆ ಕೇಳಿದೆ, ನೋಟು ಕೊಡುತ್ತೇನೆ ಎಂದೆ.

"ಅದು ಸಂತರದ್ದು" ಎಂದರು. "ಬೇಕಿದ್ದರೆ ನೀವೂ ಬಂದು ದಾರಿ ಬದಿ ಕುಳಿತುಕೊಳ್ಳಿ. ಸಾಲಿನಲ್ಲಿ ನಿಮಗೂ ಹಾಕುತ್ತೇನೆ."