ತಪ್ಪು ತಿದ್ದುವುದು ಕ್ಷಮೆಗೆ ವಿರುದ್ಧವಲ್ಲ

‘ಕ್ರೈಸ್ತ ಮ್ಯಾನೇಜರ್ ತಂಡದವರ ತಪ್ಪು ಎತ್ತಿ ಹೇಳಬಾರದು, ಕ್ಷಮಿಸಿ ಸುಮ್ಮನಿರಬೇಕು. ಬೈಬಲ್ ಹೇಳುವ ಸೇವಕ ನಾಯಕತ್ವ ಅಂದ್ರೆ ಅದೇ’ ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ಸರಿಯಲ್ಲ.

ಬೈಬಲಿನ ಮತ್ತಾಯ 18:15 ನೋಡಿ. ಸಹೋದರ ತಪ್ಪು ಮಾಡಿದರೆ ನೀನೇ ಹೋಗಿ, ಇಬ್ಬರೇ ಇರುವಾಗ ಅದನ್ನು ತಿಳಿಸು ಅನ್ನುತ್ತದೆ. ಅದು ಕ್ರೈಸ್ತ ಸಭೆಯವರಿಗೆ (ಚರ್ಚಿನವರಿಗೆ) ಹೇಳಿದ್ದು, ನಿಜ. ಆದರೆ ಆಫೀಸಿಗೂ ಚೆನ್ನಾಗಿ ಹೊಂದುತ್ತದೆ. ವರದಿಯಲ್ಲಿ ಲೆಕ್ಕ ತಪ್ಪಿದೆ ಅಂತಿಟ್ಟುಕೊಳ್ಳಿ. ಮೀಟಿಂಗ್‌ನಲ್ಲಿ ಎಲ್ಲರೆದುರು ಮರ್ಯಾದೆ ತೆಗೆಯಬಹುದು. ರಾತ್ರಿ ಕೂತು ತಾನೇ ಸರಿಮಾಡಿ, ಒಳಗೊಳಗೇ ಕುದಿಯಬಹುದು. ಅಥವಾ ಬಾಗಿಲು ಮುಂದೆ ಮಾಡಿ, ಪಕ್ಕದಲ್ಲಿ ಕೂರಿಸಿಕೊಂಡು, ತಪ್ಪಿದ ಸಾಲಿನ ಮೇಲೆ ಬೆರಳಿಟ್ಟು ‘ಇಲ್ಲಿ ನೋಡಿ’ ಅನ್ನಬಹುದು. ವಚನದ ದಾರಿ ಇದು. ಇದಕ್ಕೇ ಧೈರ್ಯ ಜಾಸ್ತಿ ಬೇಕು, ಅಲ್ವಾ?

ಮೆಸೇಜ್‌ನಲ್ಲಿ ಪಾದ ತೊಳೆದ ಪ್ರಸಂಗವನ್ನೂ ಎಳೆದು ತಂದಿದ್ದಾರೆ. ಯೋಹಾನ 13ನೇ ಅಧ್ಯಾಯವನ್ನು ದಯವಿಟ್ಟು ಪೂರ್ತಿ ಓದಿ. ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಗೆ ನೀರು ಸುರಿದು ಶಿಷ್ಯರ ಕಾಲು ತೊಳೆದ ಯೇಸು, ಆಮೇಲೆ ಕೂತು ಏನು ಹೇಳಿದರು? ನೀವು ನನ್ನನ್ನು ಗುರು, ಕರ್ತ ಅನ್ನುತ್ತೀರಿ, ಅದು ಸರಿಯೇ ಎಂದರು. ಸ್ಥಾನ ಬಿಟ್ಟುಕೊಡಲಿಲ್ಲ, ಅದನ್ನು ದರ್ಪಕ್ಕೆ ಬಳಸಲಿಲ್ಲ. ಕಾಲು ತೊಳೆಯಲು ಬಿಡದೆ ಶಿಷ್ಯ ಪೇತ್ರ ತಡೆದಾಗ ಅವನನ್ನು ನೇರವಾಗಿ ತಿದ್ದಿದ್ದೂ ಅಲ್ಲೇ ಇದೆ.

ಇನ್ನು ‘ಸೇವಕ ನಾಯಕತ್ವ’ ಅನ್ನೋ ಪದ ಬೈಬಲಿನದಲ್ಲ. ದೊಡ್ಡವನಾಗಬೇಕೆನ್ನುವವನು ಸೇವಕನಾಗಿರಲಿ ಎಂಬ ವಿಚಾರ ಮಾರ್ಕ 10:43ರಲ್ಲಿದೆ. ಈ ಪದವನ್ನು ಕೆಲಸದ ಜಗತ್ತಿಗೆ ತಂದದ್ದು 1970ರಲ್ಲಿ ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಬರೆದ ಪ್ರಬಂಧ.