ದೃಷ್ಟಿಬೊಟ್ಟು ಇಟ್ಟವರು ನಾವೇ ಅಲ್ವಾ

ಹೋದ ವರ್ಷ ರಜೆಗೆ ಶಿವಮೊಗ್ಗಕ್ಕೆ ಹೋಗಿದ್ದಾಗಲೇ ಗೋಕುಲಾಷ್ಟಮಿ ಬಂತು. ಅಮ್ಮ ನನ್ನ ಮಗಳಿಗೆ ಕೃಷ್ಣನ ವೇಷ ಹಾಕಿದಳು. ನವಿಲುಗರಿ, ಕೊಳಲು, ಬೆಣ್ಣೆ ಮೆತ್ತಿದ ಬಾಯಿ. ಎಲ್ಲರೂ ಫೋಟೋ ತೆಗೆದೆವು. ನಾವಿರುವ ಜರ್ಮನಿಯ ಸ್ಟಟ್‌ಗಾರ್ಟಿಗೆ ವಾಪಸ್ ಬಂದ ಮೇಲೆ ಒಂದು ಸಂಜೆ ಅಕ್ಕನ ಮಗ ಒಂದು ಲಿಂಕ್ ಕಳಿಸಿದ. "ಮಾಮ, ಬೇಗ ಲೈಕ್ ಮಾಡು, ನಮ್ಮ ಪುಟ್ಟಿ ಗೆಲ್ಲಬೇಕು." ತೆರೆದರೆ ಯಾವುದೋ ಫೇಸ್‌ಬುಕ್ ಪುಟದ ಮುದ್ದು ಕೃಷ್ಣ ಸ್ಪರ್ಧೆ. ಮಗಳ ಫೋಟೋ, ಕೆಳಗೆ ಅವಳ ಪೂರ್ತಿ ಹೆಸರು, ವಯಸ್ಸು, ನನ್ನ ಮತ್ತು ಹೆಂಡತಿಯ ಹೆಸರು, ಸಾಲದ್ದಕ್ಕೆ ಅಮ್ಮನ ಮನೆ ಇರುವ ಬಡಾವಣೆ. ಗುರುತು ಪರಿಚಯ ಇಲ್ಲದ ನೂರಾರು ಜನ ಲೈಕ್ ಒತ್ತಿದ್ದರು. ನನಗೆ ಖುಷಿಯಾಗಲಿಲ್ಲ. ಹೊಟ್ಟೆ ತೊಳಸಿದ ಹಾಗಾಯಿತು.

ಯಾಕೆ ಅಷ್ಟು ಚುಚ್ಚಿತು ಅಂದರೆ, ಇಲ್ಲಿ ಮಗಳನ್ನು ಕಿಟಾಗೆ, ಅಂದರೆ ಇಲ್ಲಿನ ಅಂಗನವಾಡಿಗೆ, ಸೇರಿಸುವಾಗ ನಮ್ಮ ಕೈಗೆ ಫೋಟೋಗೆ ಅಂತಲೇ ಒಂದು ಫಾರಂ ಕೊಟ್ಟಿದ್ದರು. ಮಗುವಿನ ಸ್ವಂತ ಫೈಲಿಗೆ ಅಂಟಿಸಲು ಫೋಟೋ ತೆಗೆಯಬಹುದಾ? ಒಳಗಿನ ಗೋಡೆಗೆ ಹಾಕಬಹುದಾ? ವೆಬ್‌ಸೈಟಿಗೆ? ಪೇಪರಿನವರು ಬಂದರೆ? ಒಂದೊಂದಕ್ಕೂ ಬೇರೆ ಬೇರೆ ಗುರುತು, ಕೊನೆಯಲ್ಲಿ ಅಪ್ಪ ಅಮ್ಮ ಇಬ್ಬರದೂ ಸಹಿ. ನಾನು ನಮ್ಮೂರಿನ ಅಭ್ಯಾಸದಲ್ಲಿ ಎಲ್ಲದಕ್ಕೂ ಹೌದು ಅಂತ ಬರೆದು ಕೊಟ್ಟೆ. ಟೀಚರ್ ಫಾರಂ ನೋಡಿ, ಮತ್ತೆ ನನ್ನ ಕಡೆ ತಿರುಗಿಸಿ, "ವೆಬ್‌ಸೈಟಿಗೂ ಪರವಾಗಿಲ್ವಾ? ಯೋಚನೆ ಮಾಡಿದ್ದೀರಾ?" ಅಂತ ಕೇಳಿದರು. ನಾನು ಯೋಚನೆ ಮಾಡಿರಲಿಲ್ಲ. ಆವತ್ತಿನವರೆಗೂ ಯಾರೂ ನನ್ನನ್ನು ಹಾಗೆ ಕೇಳಿರಲೇ ಇಲ್ಲ.

ಜರ್ಮನಿಯವರಿಗೆ ಇದು ಇವತ್ತಿನ ವಿಷಯ ಅಲ್ಲ. 1898ರಲ್ಲಿ ಈ ದೇಶದ ಮೊದಲ ಚಾನ್ಸಲರ್ ಆಗಿದ್ದ ಬಿಸ್ಮಾರ್ಕ್ ತೀರಿಕೊಂಡಾಗ ಇಬ್ಬರು ಫೋಟೋಗ್ರಾಫರುಗಳು ರಾತ್ರಿ ಆ ಕೋಣೆಗೆ ನುಗ್ಗಿ ಹೆಣದ ಫೋಟೋ ತೆಗೆದರು. ದೊಡ್ಡ ಗಲಾಟೆಯಾಯಿತು. ಚಿತ್ರದಲ್ಲಿ ಇರುವವರ ಒಪ್ಪಿಗೆ ಇಲ್ಲದೆ ಅದನ್ನು ಹಂಚುವ ಹಾಗಿಲ್ಲ ಅಂತ 1907ರಲ್ಲಿ ಕಾನೂನೇ ಬಂತು. ನೂರು ವರ್ಷಕ್ಕೂ ಜಾಸ್ತಿಯಾಯಿತು, ಅದು ಈಗಲೂ ಇದೆ.

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 24 ಆಗಸ್ಟ್ 2017ರಂದು ಒಮ್ಮತದಿಂದ ಹೇಳಿದರಲ್ಲ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟಿಗೆ ಹೋದವರು! ಆದರೆ ನಮ್ಮ ಫ್ಯಾಮಿಲಿ ಗ್ರೂಪಿನವರೆಗೆ ಅದು ಇಳಿದೇ ಇಲ್ಲ.

ಸ್ಪರ್ಧೆಗೆ ಫೋಟೋ ಹಾಕಿದ್ದ ಅಕ್ಕನಿಗೆ ಫೋನ್ ಮಾಡಿ, ಅದನ್ನು ಆ ಪುಟದಿಂದ ತೆಗೆಸು ಅಂದೆ. ಅವಳಿಗೆ ಬೇಜಾರಾಯಿತು. "ನಮ್ಮ ಮಗು ಅಲ್ವೇನೋ? ಅಷ್ಟು ಚೆನ್ನಾಗಿ ಕಾಣ್ತಿದ್ಲು, ನಾಲ್ಕು ಜನ ನೋಡಿದ್ರೆ ಏನಾಯ್ತು?" ಅಂದಳು. ಏನು ಹೇಳೋದು ಗೊತ್ತಾಗಲಿಲ್ಲ. ಆಮೇಲೆ ನೆನಪಾಯಿತು. ಇದೇ ಅಕ್ಕನ ಬಾಣಂತನದಲ್ಲಿ ನಮ್ಮಜ್ಜಿ ಮಗುವಿನ ಕೋಣೆಗೆ ಯಾರನ್ನೂ ಸುಲಭಕ್ಕೆ ಬಿಡುತ್ತಿರಲಿಲ್ಲ. ಕೆನ್ನೆಗೊಂದು ಕಪ್ಪು ಬೊಟ್ಟು, ಕಾಲಿಗೊಂದು. ಪಕ್ಕದ ಮನೆಯವರು "ಎಷ್ಟು ಗುಂಡಗಿದೆ" ಅಂದು ಹೋದರೆ ಸಂಜೆ ದೃಷ್ಟಿ ತೆಗೆಯಲೇಬೇಕು. ನೋಡುವ ಕಣ್ಣೆಲ್ಲ ಒಂದೇ ಥರ ಇರಲ್ಲ ಅಂತ ಅಜ್ಜಿಗೆ ಗೊತ್ತಿತ್ತು. ಅದೇ ಮನೆಯಲ್ಲಿ ಈಗ ಮಗುವಿನ ಎಣ್ಣೆ ಸ್ನಾನದ ವಿಡಿಯೋ ಸ್ಟೇಟಸ್ಸಿಗೆ ಹೋಗುತ್ತೆ, ಗ್ಯಾಸ್ ತರುವವನಿಂದ ಹಿಡಿದು ಫೋನಿನಲ್ಲಿ ನಂಬರ್ ಇರುವ ಎಷ್ಟೋ ಜನ ನೋಡುತ್ತಾರೆ. ಇದು ಹೇಗೆ ಸರಿ?

ಫೋಟೋ ಹಾಕುವುದನ್ನೇ ಬಿಡಿ ಅಂತ ನಾನು ಹೇಳುತ್ತಿಲ್ಲ. ಸ್ವಲ್ಪ ನೋಡಿ ಹಾಕಿ ಅಷ್ಟೇ. ಸ್ಟೇಟಸ್ ಯಾರಿಗೆ ಕಾಣಬೇಕು ಅಂತ ಆರಿಸಬಹುದು, ಎರಡು ನಿಮಿಷದ ಕೆಲಸ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ, ಯಾಕೆಂದರೆ ಕ್ವಾಲಿಟಿ ಕೆಡದಿರಲಿ ಅಂತ ವಾಟ್ಸಾಪಿನಲ್ಲಿ ಫೋಟೋವನ್ನು ಡಾಕ್ಯುಮೆಂಟ್ ಮಾಡಿ ಕಳಿಸುತ್ತೇವಲ್ಲ, ಆಗ ಅದು ಎಲ್ಲಿ ತೆಗೆದದ್ದು ಅನ್ನುವ ಗುರುತೂ ಜೊತೆಗೇ ಹೋಗುತ್ತೆ. ಯೂನಿಫಾರ್ಮಿನ ಮೇಲಿನ ಶಾಲೆಯ ಬ್ಯಾಡ್ಜ್, ಗೇಟಿನ ಮೇಲಿನ ಮನೆ ನಂಬರು, ಇವು ಫ್ರೇಮಿನಲ್ಲಿ ಬರದ ಹಾಗೆ ನೋಡಿಕೊಳ್ಳಿ. ಊರಿಗೆ ಹೊರಟಾಗ ಬೋರ್ಡಿಂಗ್ ಪಾಸ್ ಹಾಕಬೇಡಿ. ಆಧಾರ್ ಕೇಳಿದವರಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾ ಅಂತ ಮೊದಲು ಕೇಳಿ. ಎಲ್ಲಕ್ಕಿಂತ ಮುಖ್ಯ, ಇನ್ನೊಬ್ಬರ ಮಗುವಿನ ಫೋಟೋ ಹಾಕುವ ಮುಂಚೆ ಅವರಪ್ಪ ಅಮ್ಮನನ್ನು ಒಂದು ಮಾತು ಕೇಳಿ. ಮಗುವಿಗೆ ಮಾತು ಬರುತ್ತಿದ್ದರೆ ಮಗುವನ್ನೂ ಕೇಳಿ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಇಲ್ಲಿಯವರದು ಕೆಲವು ಸಲ ಅತಿಯಾಗುತ್ತೆ. 2010ರಲ್ಲಿ ಬೀದಿ ಬೀದಿಯ ಫೋಟೋ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಇಲ್ಲಿಗೆ ಬಂದಾಗ ಸುಮಾರು 2,44,000 ಮನೆಯವರು ನಮ್ಮ ಮನೆ ಕಾಣಿಸಬೇಡಿ, ಮಸುಕು ಮಾಡಿ ಅಂದಿದ್ದರು. ಕಿಟಾದ ಬೇಸಿಗೆ ಹಬ್ಬದಲ್ಲಿ ನಾವು ಯಾರೂ ಫೋನ್ ಹೊರಗೆ ತೆಗೆಯುವ ಹಾಗಿಲ್ಲ. ಮಗಳು ಅಷ್ಟು ಹಚ್ಚಿಕೊಂಡಿರುವ ಗೆಳತಿಯ ಜೊತೆ ಒಂದೇ ಒಂದು ಫೋಟೋ ನಮ್ಮ ಹತ್ತಿರ ಇಲ್ಲ. ನಮ್ಮ ಮಹಡಿಯಲ್ಲೇ ಇರುವವರು ಒಮ್ಮೆಯೂ ನಮ್ಮ ಮಗಳ ಹೆಸರು ಕೇಳಿಲ್ಲ. ಶಿವಮೊಗ್ಗದಲ್ಲಿ ಅವಳು ಇಡೀ ಬೀದಿಯ ಮಗು. ನನ್ನ ಅಪ್ಪ ತರಕಾರಿ ಅಂಗಡಿಯಲ್ಲಿ ನಿಂತು ಮೊಮ್ಮಗಳ ಫೋಟೋ ತೋರಿಸುತ್ತಾನೆ. ಏಳು ಸಾವಿರ ಕಿಲೋಮೀಟರ್ ದೂರದಲ್ಲಿ ಇರುವವರಿಗೆ ಅವಳು ಸಿಗುವುದೇ ಫೋನಿನಲ್ಲಿ, ಅದನ್ನು ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಅಕ್ಕನೂ ಪ್ರೀತಿಯಿಂದಲೇ ಹಾಕಿದ್ದು, ಅದು ನನಗೆ ಗೊತ್ತು. ಎರಡು ದಿನ ಬಿಟ್ಟು ಅವಳೇ ತೆಗೆಸಿದಳು.

ಮೊನ್ನೆ ಊರಿಗೆ ಹೊರಟಿದ್ದ ಗೆಳೆಯನ ಕೈಯಲ್ಲಿ ಹದಿನೈದು ಫೋಟೋ ಪ್ರಿಂಟ್ ಹಾಕಿಸಿ ಕಳಿಸಿದೆ. ಕೃಷ್ಣನ ವೇಷದ್ದು ಮಾತ್ರ ದೊಡ್ಡದು. ಅಮ್ಮ ಅದನ್ನು ಹಾಲ್‌ನ ಶೋಕೇಸಿನಲ್ಲಿ ಇಟ್ಟಿದ್ದಾಳೆ. ಎದುರು ಮನೆ ಅಜ್ಜಿ ಬಂದು ಕನ್ನಡಕ ಹಾಕಿಕೊಂಡು ನೋಡಿ, ನಿನ್ನ ಮಗನೂ ಚಿಕ್ಕಂದಿನಲ್ಲಿ ಥೇಟ್ ಹೀಗೇ ಇದ್ದ ಅಂದರಂತೆ.